ಗಂಡ ಸತ್ತ ಮೇಲೆ ಬರುವ ಕೆಲಸ ಯಾರದು?

(ಮಹಿಳಾ ಸ್ವಸಹಾಯ ಸಂಘಗಳ ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ)



ಸರ್ಕಾರಿ ನೌಕರ ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಅವನ ಮನೆಯವರಿಗೆ ಒಂದು ಕೆಲಸ ಕೊಡುವ ಏರ್ಪಾಡಿದೆಯಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳು ಎಂದು ಸಂಘದವರು ನನ್ನನ್ನು ಕರೆದಿದ್ದಾರೆ. ನಾನು ವಕೀಲಳಲ್ಲ. ಭಾಷಣ ಮಾಡಿ ಅಭ್ಯಾಸವೂ ಇಲ್ಲ. 2006ರಿಂದ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದೇನೆ. ಬೆಳಿಗ್ಗೆ ಬೀಗ ತೆಗೆಯುವುದು, ಕಡತ ಹೊರುವುದು, ಟಪಾಲು ಹಂಚುವುದು ನನ್ನ ಕೆಲಸ. ಆ ಕೆಲಸ ನನಗೆ ಬಂದದ್ದು ನನ್ನ ಗಂಡ ಸತ್ತಿದ್ದರಿಂದ. ಅದು ಹೇಗೆ ಬಂತು, ಹೇಗೆ ಕೈತಪ್ಪಿ ಹೋಗುವುದರಲ್ಲಿತ್ತು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಿಯಮ ಆಮೇಲೆ.

ನನ್ನ ಮದುವೆ ಆದದ್ದು 1995ರಲ್ಲಿ. ಹುಡುಗ ಒಂದು ಇಲಾಖೆಯಲ್ಲಿ ಜೀಪು ಓಡಿಸುತ್ತಿದ್ದ. ಖಾಯಂ ನೌಕರಿ. ನಮ್ಮಪ್ಪನಿಗೆ ಇದ್ದದ್ದು ಎರಡೆಕರೆ, ಅದರಲ್ಲಿ ಒಂದೆಕರೆ ಮಾರಿದ. ಅವರು ವರದಕ್ಷಿಣೆ ಎಂಬ ಮಾತೇ ಎತ್ತಲಿಲ್ಲ, ವರೋಪಚಾರ ಅಂದರು. ಐವತ್ತು ಸಾವಿರ ರೂಪಾಯಿ, ಐದು ತೊಲ ಬಂಗಾರ. ಅದೇ ವರ್ಷ ನನ್ನ ಚಿಕ್ಕಪ್ಪನ ಮಗಳನ್ನು ಬೇಸಾಯದ ಮನೆಗೆ ಕೊಟ್ಟರು. ಹತ್ತು ಸಾವಿರದಲ್ಲಿ ಮುಗಿಯಿತು. ಹಾಗಾದರೆ ಮಿಕ್ಕ ನಲವತ್ತು ಸಾವಿರ ಯಾವುದರ ಬೆಲೆ? ಹುಡುಗನದಲ್ಲ, ಅವನ ಕೆಲಸದ್ದು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2004ರ ಜೂನ್‌ನಲ್ಲಿ ಅವರಿಗೆ ಕಾಮಾಲೆಯಾಯಿತು. ಹನ್ನೆರಡು ದಿನ, ಅಷ್ಟೇ. ಆಗ ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರು ಇನ್ನೂ ಊಟದ ಎಲೆಯಿಂದ ಎದ್ದಿರಲಿಲ್ಲ, ಮಾವ ನನ್ನನ್ನು ಒಳಗೆ ಕರೆದರು. ಮೈದುನ ಛಾಪಾ ಕಾಗದ ಹಿಡಿದುಕೊಂಡು ನಿಂತಿದ್ದ. ಟೈಪು ಮಾಡಿಸಿ ತಂದಿದ್ದ. "ಓದಿಸಿದವನು ನಾನು, ಕೆಲಸಕ್ಕೆ ಓಡಾಡಿದವನು ನಾನು. ಅವನ ಕೆಲಸ ಈ ಮನೇದು" ಅಂದರು ಮಾವ. "ನೀನು ಹೆಂಗಸು, ಕಚೇರಿಗೆ ಹೋಗಿ ಏನು ಮಾಡ್ತೀಯಮ್ಮ? ಇವನು ಸೇರಿಕೊಳ್ಳಲಿ. ನಿನ್ನ ಮಕ್ಕಳನ್ನು ಇವನೇ ಸಾಕ್ತಾನೆ." ನಾನು ನಮ್ಮಪ್ಪನ ಮುಖ ನೋಡಿದೆ. ಅಪ್ಪ ತಲೆ ತಗ್ಗಿಸಿಕೊಂಡು "ಹಾಕು ಮಗಳೇ, ಗಂಡಸಿಲ್ಲದ ಮನೆಗೆ ಒಂದು ಆಸರೆ ಬೇಕಲ್ಲ" ಅಂದ. ಹಾಕಿದೆ. ಏನು ಬರೆದಿದೆ ಎಂದು ಓದಲಿಲ್ಲ. ಎಂಟನೇ ತರಗತಿ ಓದಿದವಳು ನಾನು, ಓದಲು ಬರುತ್ತಿರಲಿಲ್ಲ ಎಂದಲ್ಲ. ಓದಿದರೆ ಅಪನಂಬಿಕೆ ತೋರಿಸಿದ ಹಾಗೆ ಆಗುತ್ತದಲ್ಲ ಎಂದು ಓದಲಿಲ್ಲ. ನಮ್ಮಲ್ಲಿ ಎಷ್ಟು ಜನ ಹೀಗೆ ಓದದೆ ಸಹಿ ಹಾಕಿದ್ದೀರಿ, ಕೈ ಎತ್ತಿ ಎಂದು ಕೇಳುವುದಿಲ್ಲ ಬಿಡಿ. ನನಗೆ ಗೊತ್ತು.

ಮೈದುನ ಅರ್ಜಿ ಹಾಕಿದ. ಕೆಲಸ ಮಾಡಿಸಿಕೊಡುತ್ತೇನೆ ಎಂದು ಒಬ್ಬ ಮಧ್ಯವರ್ತಿ ಮೂವತ್ತು ಸಾವಿರ ತೆಗೆದುಕೊಂಡ. ಆ ಮೂವತ್ತು ಸಾವಿರ ಬಂದದ್ದು ನನ್ನ ಬಂಗಾರದಿಂದ. ಆರು ತಿಂಗಳಾಯಿತು, ಎಂಟು ತಿಂಗಳಾಯಿತು. ಮನೆಯಲ್ಲಿ ಇನ್ನೊಂದು ಮಾತು ಶುರುವಾಯಿತು: ಇವಳನ್ನು ಮೈದುನನಿಗೇ ಕಟ್ಟಿಬಿಡೋಣ, ಪಿಂಚಣಿ, ಕೆಲಸ ಎರಡೂ ಮನೆಯಲ್ಲೇ ಉಳಿಯುತ್ತದೆ. ಆ ಹುಡುಗ ನನಗಿಂತ ಆರು ವರ್ಷ ಚಿಕ್ಕವನು. ಮದುವೆಯಾಗಿ ಬಂದ ಹೊಸದರಲ್ಲಿ ಅವನ ತಲೆಗೆ ಎಣ್ಣೆ ಹಚ್ಚಿದ್ದೆ ನಾನು. ಆಗುವುದಿಲ್ಲ ಅಂದೆ. ಅಂದ ದಿನದಿಂದ ಏಟು. ಅದನ್ನು ಇಲ್ಲಿ ವಿವರಿಸುವುದಿಲ್ಲ, ಈ ಸಭೆಯಲ್ಲಿ ಅದು ಯಾರಿಗೂ ಹೊಸದಲ್ಲ.

ಹನ್ನೊಂದನೇ ತಿಂಗಳಿನಲ್ಲಿ ಕಚೇರಿಯಿಂದ ಒಂದು ಹಿಂಬರಹ ಬಂತು. ಮನೆಯಲ್ಲಿ ಗಂಡಸರು ಇರಲಿಲ್ಲ. ನನ್ನ ಮಗಳು ಎರಡನೇ ತರಗತಿ, ಆಗಷ್ಟೇ ಕೂಡಿಸಿ ಓದಲು ಕಲಿತಿದ್ದಳು. ಅಕ್ಷರ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು: ವಿವಾಹಿತ ನೌಕರನ ಸಹೋದರನಿಗೆ ನೇಮಕ ನೀಡಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

ಅಂದರೆ ಆ ಕೆಲಸ ಅವನಿಗೆ ಬರುವುದು ಎಂದಿಗೂ ಸಾಧ್ಯವೇ ಇರಲಿಲ್ಲ. ನಾನು ಸಹಿ ಮಾಡಿದ ಕಾಗದದಿಂದ ಅವನಿಗೆ ಒಂದು ಪೈಸೆ ಲಾಭವಾಗಲಿಲ್ಲ. ಆಗಿದ್ದು ಒಂದೇ, ನನ್ನ ಹನ್ನೊಂದು ತಿಂಗಳು ಹೋಯಿತು. ಮಾರನೇ ದಿನ ತವರಿಗೆ ಹೋಗುತ್ತೇನೆಂದು ಹೇಳಿ ಆ ಕಚೇರಿಗೆ ಹೋದೆ. ನನ್ನ ಗಂಡನ ಜೊತೆ ಕೆಲಸ ಮಾಡಿದ ಒಬ್ಬ ವಯಸ್ಸಾದ ಗುಮಾಸ್ತರು ಕಡತ ತೆಗೆದು ನೋಡಿ ತಲೆ ಚಚ್ಚಿಕೊಂಡರು. "ಮೊದಲ ಹೆಸರು ನಿನ್ನದೇ ಅಲ್ಲವೇನಮ್ಮಾ! ವರ್ಷ ತುಂಬೋದಕ್ಕೆ ಇನ್ನು ಇಪ್ಪತ್ತಮೂರು ದಿನ ಇದೆ. ಎಲ್ಲಿದ್ದೆ ಇಷ್ಟು ದಿನ?" ಎಲ್ಲಿದ್ದೆ ಎಂದು ಹೇಳಲಿ? ಅಲ್ಲೇ ಬೆಂಚಿನ ಮೇಲೆ ಕೂತು ಎರಡು ಕಾಗದ ಬರೆದೆ. ಒಂದು ನನ್ನ ಅರ್ಜಿ. ಇನ್ನೊಂದು, ಹಿಂದೆ ಕೊಟ್ಟ ಒಪ್ಪಿಗೆಯನ್ನು ತಿಳಿಯದೆ, ಒತ್ತಾಯಕ್ಕೆ ಕೊಟ್ಟದ್ದು, ಹಿಂತೆಗೆದುಕೊಂಡಿದ್ದೇನೆ ಎನ್ನುವ ಪತ್ರ. ಗುಮಾಸ್ತರು ಮುದ್ರೆ ಒತ್ತಿ ಪ್ರತಿ ಕೊಟ್ಟರು. ಆ ಪ್ರತಿ ಈಗಲೂ ನನ್ನ ಟ್ರಂಕಿನಲ್ಲಿದೆ. ಆಮೇಲೆ ಮಾವ ತಕರಾರು ಅರ್ಜಿ ಕೊಟ್ಟರು, ಸೊಸೆಯ ನಡತೆ ಸರಿಯಿಲ್ಲವೆಂದು ಬರೆದರು, ನಾನು ಮಕ್ಕಳನ್ನು ಕಟ್ಟಿಕೊಂಡು ಬಾಡಿಗೆ ಕೋಣೆಗೆ ಬಂದೆ. ಒಂದೂವರೆ ವರ್ಷ ಬೀಡಿ ಕಟ್ಟಿದೆ. ಕೊನೆಗೆ ಆದೇಶ ಬಂತು.

ಈಗ ನಿಯಮಕ್ಕೆ ಬರುತ್ತೇನೆ. ನಮ್ಮ ರಾಜ್ಯದಲ್ಲಿ ಇದಕ್ಕೆ 1996ರ ನಿಯಮಗಳಿವೆ. ಅನುಕಂಪದ ಆಧಾರದ ಮೇಲೆ ನೇಮಕಾತಿ ಎನ್ನುತ್ತಾರೆ. ಆಮೇಲೆ ಹಲವು ಸಲ ತಿದ್ದುಪಡಿಯಾಗಿವೆ. ಗಂಡ ಸತ್ತರೆ ಮೊದಲ ಸರದಿ ಹೆಂಡತಿಯದು. ಆಕೆಗೆ ಅರ್ಹತೆ ಇಲ್ಲದಿದ್ದರೆ, ಇಲ್ಲವೇ ಆಕೆಯೇ ಬೇಡವೆಂದರೆ ಮಾತ್ರ ಮಕ್ಕಳು. ಮದುವೆಯಾದ ನೌಕರನ ಅಣ್ಣ, ತಮ್ಮ, ಭಾವ ಯಾರೂ ಆ ಸಾಲಿನಲ್ಲಿ ಇಲ್ಲ. ಸಿಗುವುದು ಸಿ ಮತ್ತು ಡಿ ಗುಂಪಿನ ಕೆಲಸ, ಸತ್ತವರು ಎಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಅಷ್ಟೇ. ಸತ್ತ ದಿನದಿಂದ ಒಂದು ವರ್ಷದ ಒಳಗೆ ಅರ್ಜಿ ಹೋಗಬೇಕು. ಈ ಒಂದು ವರ್ಷ ಎನ್ನುವುದನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ. ನಮ್ಮ ಕಡೆ ವರ್ಷದ ತಿಥಿ ಮುಗಿಯುವವರೆಗೂ ಗಂಡ ಸತ್ತವಳು ಹೊಸಿಲು ದಾಟಬಾರದು ಎನ್ನುವ ಮನೆಗಳಿವೆ. ತಿಥಿಯ ದಿನವೇ ನಿಮ್ಮ ಅರ್ಜಿಯ ಗಡುವೂ ಮುಗಿದಿರುತ್ತದೆ.

ಬ್ಯಾಂಕು, ರೈಲ್ವೆ, ಸಾರಿಗೆ, ವಿದ್ಯುತ್ ಕಂಪನಿ, ಇವುಗಳಿಗೆಲ್ಲ ಅವರವರದೇ ನಿಯಮ. ಗಡುವು, ದಾಖಲೆ ಬೇರೆ ಬೇರೆ. ಅಲ್ಲೇ ಹೋಗಿ ಕೇಳಬೇಕು. ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ: 1996ರ ಈ ನಿಯಮ ಖಾಯಂ ನೌಕರರ ಮನೆಯವರಿಗೆ ಮಾತ್ರ. ಗುತ್ತಿಗೆಯಲ್ಲಿ ಕಸ ಗುಡಿಸುತ್ತ ಸತ್ತವನ ಹೆಂಡತಿಗೆ, ದಿನಗೂಲಿ ಚಾಲಕನ ಹೆಂಡತಿಗೆ ಇದು ಇಲ್ಲ. ಯಾರ ಮನೆಯಲ್ಲಿ ಮರುದಿನದ ಹಿಟ್ಟಿಗೇ ಗತಿಯಿರುವುದಿಲ್ಲವೋ ಅವರು ಅನುಕಂಪದ ಲೆಕ್ಕಕ್ಕೇ ಬರುವುದಿಲ್ಲ. ಖಾಯಂ ಹುದ್ದೆಗಳೆಲ್ಲ ಗುತ್ತಿಗೆಯಾಗುತ್ತಾ ಹೋದ ಹಾಗೆ ಈ ಏರ್ಪಾಡು ಒಳಗೊಳಗೇ ಸವೆಯುತ್ತಿದೆ. ನಮ್ಮ ಕಚೇರಿಯಲ್ಲೇ ನಾನು ಸೇರಿದ ಮೇಲೆ ಒಬ್ಬ ಖಾಯಂ ಅಟೆಂಡರ್ ಬಂದಿಲ್ಲ.

ಅನುಕಂಪ ಎನ್ನುವ ಮಾತು ನನಗೆ ಹಿಡಿಸುವುದಿಲ್ಲ. ಯಾರೋ ಮರುಗಿ ಭಿಕ್ಷೆ ಹಾಕಿದ ಹಾಗೆ. ಆದರೆ ಇದು ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1994ರಲ್ಲೇ ಹೇಳಿದೆ. ದುಡಿಯುವವನು ಹಠಾತ್ತನೆ ಹೋದಾಗ ಮನೆ ಬೀದಿಗೆ ಬೀಳದಿರಲಿ ಎಂದು ಮಾಡಿದ ಏರ್ಪಾಡು, ವಂಶದಿಂದ ಬರುವ ಹುದ್ದೆಯಲ್ಲ ಎಂದು ಅದರ ಅರ್ಥ. ಮೊದಲು ಇದನ್ನು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದೆ. ವಂಶದಿಂದ ಬರುವುದಲ್ಲ ಎಂದರೆ ಮಾವ ಹೇಳಿದ "ಈ ಮನೇದು" ಎನ್ನುವ ಮಾತಿಗೂ ಅಲ್ಲಿಗೇ ಮುಕ್ತಾಯ ತಾನೆ? ನಮ್ಮಪ್ಪನ ಹತ್ತಿರ ಕೆಲಸಕ್ಕೆ ಬೆಲೆ ವಸೂಲಿ ಮಾಡಿದಾಗ ಅವರಿಗೆ ಆ ಕೆಲಸ ಹೊಲ ಗದ್ದೆಯ ಹಾಗೆ ಕಂಡಿತ್ತು. ಮಗ ಸತ್ತ ಮೇಲೆ ಅದೇ ಹೊಲವನ್ನು ಇನ್ನೊಬ್ಬ ಮಗನ ಹೆಸರಿಗೆ ಖಾತೆ ಮಾಡಿಸಲು ಹೊರಟರು. ಎರಡೂ ಒಂದೇ ಲೆಕ್ಕ. ಸರ್ಕಾರದ ಲೆಕ್ಕ ಬೇರೆ. ಆ ಸಂಬಳದಲ್ಲಿ ಯಾರು ಅನ್ನ ಉಣ್ಣುತ್ತಿದ್ದರು, ಈಗ ಯಾರ ತಟ್ಟೆ ಖಾಲಿಯಾಗಿದೆ, ಅದು ಕೇಳುವುದು ಇಷ್ಟೇ.

ಹಕ್ಕಲ್ಲ ಎಂದ ಮಾತ್ರಕ್ಕೆ ಅಧಿಕಾರಿಗಳು ಎಷ್ಟು ವರ್ಷ ಬೇಕಾದರೂ ಅಲೆಸಬಹುದು ಎಂದೂ ಅಲ್ಲ. ಗಡಿರಸ್ತೆ ಇಲಾಖೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದವರೊಬ್ಬರು 1982ರಲ್ಲಿ ತೀರಿಕೊಂಡರು. ಹೆಂಡತಿ ಅದೇ ವರ್ಷ ಅರ್ಜಿ ಹಾಕಿದರು, ಪರೀಕ್ಷೆ ಬರೆದು ಪಾಸಾದರು. ಅಲೆಸಿ ಅಲೆಸಿ ಕೊನೆಗೆ 1985ರ ಒಂದು ಆದೇಶ ತೋರಿಸಿ, ನಮ್ಮ ಸಂಸ್ಥೆಯಲ್ಲಿ ಈ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಆಕೆ ಸುಪ್ರೀಂ ಕೋರ್ಟಿನವರೆಗೆ ಹೋದರು. 1989ರಲ್ಲಿ ಕೋರ್ಟು, ಇಂಥ ಕೆಲಸ ಕೊಡುವುದರಲ್ಲಿ ತಡ ಮಾಡಬಾರದು, ಹುದ್ದೆ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯನ್ನಾದರೂ ಮಾಡಿ ಕೊಡಬೇಕು ಎಂದು ಹೇಳಿ ಆಕೆಗೆ ಕೆಲಸ ಕೊಡಿಸಿತು. ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು.

ನಮ್ಮವರಲ್ಲಿ ಬಹಳ ಜನ ಮಾಡುವ ಇನ್ನೊಂದು ತಪ್ಪು, ಮಗ ದೊಡ್ಡವನಾಗಲಿ ಎಂದು ಕಾಯುವುದು. ಹರಿಯಾಣದಲ್ಲಿ ಒಬ್ಬ ಪೊಲೀಸ್ ಪೇದೆ 1997ರಲ್ಲಿ ಕರ್ತವ್ಯದಲ್ಲಿದ್ದಾಗ ಸತ್ತ. ಮಗನಿಗೆ ಆಗ ಏಳು ವರ್ಷ. ಓದು ಬರದ ತಾಯಿ ತನಗೆಂದು ಅರ್ಜಿ ಹಾಕಲಿಲ್ಲ, ಮಗನ ಹೆಸರು ಬರೆಸಿಟ್ಟಳು. ಮಗ ಬೆಳೆದು ಕೇಳಿದಾಗ ಇಲಾಖೆ ಕೊಡಲಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಇಲ್ಲವೆಂದಿತು. ಇಷ್ಟು ವರ್ಷ ಹೇಗೋ ಬದುಕಿದ್ದೀರಲ್ಲ, ಆ ಹೊತ್ತಿನ ಕಷ್ಟ ಕಳೆದಿದೆಯಲ್ಲ ಎನ್ನುವುದು ಕೋರ್ಟುಗಳ ತರ್ಕ. ಹೇಗೆ ಬದುಕಿದೆವು ಎಂದು ಅವರು ಕೇಳುವುದಿಲ್ಲ. ಅದು ಹಾಗಿರಲಿ, ಮಕ್ಕಳಿಗೆ ಪ್ರಾಯ ಬರುವುದನ್ನು ಕಾಯಬೇಡಿ. ಓದು ಕಡಿಮೆ ಎಂದು ಹಿಂಜರಿಯಬೇಡಿ, ಡಿ ಗುಂಪಿನಲ್ಲಿ ಕೇಳಿ. ನಾನು ಎಂಟನೇ ತರಗತಿ.

ಮಗ ಆಗಲೇ ಪ್ರಾಯಕ್ಕೆ ಬಂದಿದ್ದರೆ? ಆಗ ತಾಯಿಗೆ ತಾನು ಹಿಂದೆ ಸರಿಯುವುದೇ ಸಹಜ ಎನ್ನಿಸುತ್ತದೆ. ನಮ್ಮ ಓಣಿಯಲ್ಲೇ ಒಬ್ಬರಿದ್ದಾರೆ. ಅವರ ಯಜಮಾನರು ಹೋದಾಗ ಅವರಿಗೆ ನಲವತ್ತೊಂದು ವರ್ಷ, ಮಗನಿಗೆ ಇಪ್ಪತ್ತು. ಮಗನ ಹೆಸರಿಗೆ ಬರೆದುಕೊಟ್ಟರು. ಕೆಲಸ ಬಂದ ಮೂರನೇ ವರ್ಷಕ್ಕೆ ಹೆಣ್ಣು ನೋಡಿದರು. ಸರ್ಕಾರಿ ನೌಕರಿಯ ಹುಡುಗ! ಎಂಟು ಲಕ್ಷ ರೂಪಾಯಿ ಮಾತಾಯಿತು. ಗಂಡನ ಸಾವಿನಿಂದ ಬಂದ ಕೆಲಸ ಮಗನ ಮದುವೆಯಲ್ಲಿ ಮತ್ತೆ ವರೋಪಚಾರವಾಯಿತು. ಆ ಮಾತುಕತೆಯಲ್ಲಿ ಈ ತಾಯಿಯೂ ಕೂತಿದ್ದರು, ಕಾರೂ ಸೇರಿಸಿ ಎಂದವರು ಅವರೇ. ಇದನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಅವರು ಈಗ ನನ್ನ ಜೊತೆ ಸಂಘದಲ್ಲಿದ್ದಾರೆ. ಎರಡು ವರ್ಷದೊಳಗೆ ಮಗ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದ. ತಿಂಗಳಿಗೊಂದು ಫೋನೂ ಇಲ್ಲ. ಸೊಸೆಯನ್ನು ಬಯ್ಯುತ್ತಿದ್ದರು ಮೊದಮೊದಲು. ಈಗ ಬಯ್ಯುವುದಿಲ್ಲ. ಆ ಹುಡುಗಿಯ ಅಪ್ಪ ಸಾಲ ತೀರಿಸಲಾಗದೆ ಇದ್ದಾನೆ ಎಂದು ಒಮ್ಮೆ ಅವರೇ ನನ್ನ ಹತ್ತಿರ ಹೇಳಿದರು.

ಮಗನಿಗೆ ಬಿಟ್ಟುಕೊಡಬಾರದು ಎಂದು ನಾನು ಹೇಳುವುದಿಲ್ಲ. ಕಾಯಿಲೆಯವರಿರುತ್ತಾರೆ, ನಿಜವಾಗಿ ನೋಡಿಕೊಳ್ಳುವ ಮಗನಿರುತ್ತಾನೆ. ಆದರೆ ಬಿಟ್ಟುಕೊಡುವ ಮೊದಲು ನಿಮ್ಮ ವಯಸ್ಸನ್ನು ಲೆಕ್ಕ ಹಾಕಿ. ನಲವತ್ತೊಂದು ಎಂದರೆ ಇನ್ನು ಹತ್ತೊಂಬತ್ತು ವರ್ಷ ಸಂಬಳ. ಕೇಂದ್ರ ಸರ್ಕಾರದ ಯೋಜನೆಯಲ್ಲಿ, ಕೆಲಸ ಪಡೆದವರು ಸತ್ತವರ ಅವಲಂಬಿತರನ್ನೆಲ್ಲ ಸಾಕುತ್ತೇನೆಂದು ಮುಚ್ಚಳಿಕೆ ಬರೆದುಕೊಡಲೇಬೇಕು. ಸಾಕದಿದ್ದರೆ ಕೆಲಸದಿಂದ ತೆಗೆಯಬಹುದು. ನೀವೂ ಬಿಟ್ಟುಕೊಡುವ ಪತ್ರದಲ್ಲೇ ಆ ಷರತ್ತನ್ನು ಬರೆಯಿಸಿ, ಪ್ರತಿ ಇಟ್ಟುಕೊಳ್ಳಿ. ಮಗ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ತಾಯಿಗೆ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ತಾಯಿಗೆ ಅರವತ್ತು ಆಗಿರಬೇಕೆಂದೇನೂ ಇಲ್ಲ. ಉಪವಿಭಾಗಾಧಿಕಾರಿಯ ಹತ್ತಿರ ಅರ್ಜಿ ಕೊಟ್ಟರೆ ಸಾಕು. ನಮ್ಮ ಓಣಿಯ ಆ ಅಕ್ಕ ಇನ್ನೂ ಕೊಟ್ಟಿಲ್ಲ. ಮಗನ ಮರ್ಯಾದೆ ಹೋಗುತ್ತದಂತೆ.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. 1996ರ ನಿಯಮದಲ್ಲಿ ಮಗ ಎಂದು ಒಂದು ಪದ, ಅವಿವಾಹಿತ ಮಗಳು ಎಂದು ಎರಡು ಪದ ಇತ್ತು. ಮಗನಿಗೆ ಮದುವೆಯಾಗಿದ್ದರೂ ಅವನು ಮಗನೇ. ಮಗಳ ಕೊರಳಿಗೆ ತಾಳಿ ಬಿದ್ದರೆ ಅವಳು ಆ ಮನೆಯವಳಲ್ಲ. ಇದೊಂದೇ ಕಡೆ ಅಲ್ಲ, 1994ರಲ್ಲಿ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಾಗಲೂ, ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಅದು ಹೋಗಲು 2005ರ ಕೇಂದ್ರದ ತಿದ್ದುಪಡಿ ಬರಬೇಕಾಯಿತು. ಕೆಲಸದ ನಿಯಮದಲ್ಲಿನ ಆ ಪದ ಹೋದದ್ದು ಇನ್ನೂ ಈಚೆಗೆ. ಕೃಷಿ ಮಾರುಕಟ್ಟೆ ಇಲಾಖೆಯ ನೌಕರರೊಬ್ಬರು 2016ರಲ್ಲಿ ತೀರಿಕೊಂಡರು. ಮಗನಿಗೆ ಆ ಕೆಲಸ ಬೇಕಿರಲಿಲ್ಲ. ಮಗಳು ಅರ್ಜಿ ಹಾಕಿದಳು. ಮದುವೆಯಾಗಿದೆ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಿದರು. ಆಕೆ ಸುಮ್ಮನೆ ಕೂರಲಿಲ್ಲ. 2020ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟು ನಿಯಮದಿಂದ ಅವಿವಾಹಿತ ಎನ್ನುವ ಪದವನ್ನೇ ಹೊಡೆದು ಹಾಕಿತು, ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ಹಾಗೆಂದು ಮದುವೆಯಾದ ಮಗಳಿಗೆಲ್ಲ ಕೆಲಸ ಸಿಕ್ಕಿಬಿಡುತ್ತದೆ ಎಂದು ತಿಳಿಯಬೇಡಿ. ಸತ್ತವರ ದುಡಿಮೆಯನ್ನೇ ನಂಬಿದ್ದೆ ಎಂದು ತೋರಿಸಬೇಕು.

ಇಲ್ಲಿ ಒಂದು ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಗಂಡನ ಮನೆ ಬಿಟ್ಟು ತವರಿನಲ್ಲಿರುವವರು ಇಲ್ಲಿ ತುಂಬಾ ಜನ ಇದ್ದೀರಿ. ನಮ್ಮ ರಾಜ್ಯದ್ದೇ. ಖಜಾನೆ ಇಲಾಖೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿದ್ದ ತಾಯಿ 2012ರ ಮಾರ್ಚಿನಲ್ಲಿ ತೀರಿಕೊಂಡರು. ಮಗಳ ವಿಚ್ಛೇದನಕ್ಕೆ ಅರ್ಜಿ ಹೋದದ್ದು ಅದಾದ ಮೇಲೆ. ಡಿಕ್ರಿ ಆದದ್ದು 2013ರ ಮಾರ್ಚಿನಲ್ಲಿ, ವರ್ಷ ತುಂಬುವುದಕ್ಕೆ ಐದು ದಿನ ಮೊದಲು. ಮರುದಿನವೇ ಕೆಲಸಕ್ಕೆ ಅರ್ಜಿ ಹಾಕಿದರು. ಹೈಕೋರ್ಟು ಆಕೆಯ ಪರ ಹೇಳಿತು, 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ತಾಯಿ ಸತ್ತ ದಿನ ಆಕೆ ಕಾಗದದ ಮೇಲೆ ಹೆಂಡತಿಯಾಗಿಯೇ ಇದ್ದರು, ಕೆಲಸಕ್ಕಾಗಿಯೇ ವಿಚ್ಛೇದನ ಪಡೆದ ಹಾಗಿದೆ ಎನ್ನುವುದು ಕಾರಣ.

ಆ ಒಂದು ಮನೆಯ ಒಳಗೆ ಏನಿತ್ತೋ ನಾನು ಕಂಡಿಲ್ಲ, ಅದರ ಬಗ್ಗೆ ಮಾತಾಡುವುದಿಲ್ಲ. ಆದರೆ ನಮ್ಮ ಸಂಘಗಳಲ್ಲಿ ನೋಡಿ. ಹತ್ತು ವರ್ಷದಿಂದ ತವರಲ್ಲಿದ್ದಾಳೆ, ಏಟು ತಿಂದು ಬಂದವಳು, ಅಪ್ಪನ ಸಂಬಳದಲ್ಲಿ ಮಕ್ಕಳು ಓದುತ್ತಿವೆ. ಕೇಸು ಹಾಕಿಲ್ಲ, ಜೀವನಾಂಶ ಕೇಳಿಲ್ಲ, ಏಕೆಂದರೆ ಹಿರಿಯರು "ಇವತ್ತಲ್ಲ ನಾಳೆ ಸರಿಹೋಗುತ್ತದೆ" ಅಂದಿದ್ದಾರೆ. ಸರ್ಕಾರದ ಕಾಗದದಲ್ಲಿ ಅವಳು ಈಗಲೂ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ! ಪಡಿತರ ಚೀಟಿಯಲ್ಲಿ ಹೆಸರು ಅಲ್ಲೇ. ಅಪ್ಪ ಸತ್ತ ದಿನ ತಾನು ಅವನ ಆಶ್ರಯದಲ್ಲಿದ್ದೆ ಎಂದು ತೋರಿಸಲು ಅವಳ ಹತ್ತಿರ ಒಂದು ಚೂರು ಕಾಗದ ಇರುವುದಿಲ್ಲ. ವಿಚ್ಛೇದನ ಬೇಡವೆಂದರೆ ಬೇಡ. ಕೌಟುಂಬಿಕ ದೌರ್ಜನ್ಯದ ದೂರನ್ನಾದರೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹತ್ತಿರ ಬರೆಸಿ, ಪಡಿತರ ಚೀಟಿಯ ಹೆಸರನ್ನಾದರೂ ತವರಿಗೆ ತನ್ನಿ.

ಈ ಪತ್ರಿಕೆಯವರು ಇನ್ನೊಂದು ವಿಷಯ ಮರೆಯದೆ ಹೇಳಿ ಎಂದಿದ್ದರು. ಕೆಲಸದಲ್ಲಿದ್ದವಳು ಹೆಂಗಸಾಗಿದ್ದು, ಅವಳೇ ಸತ್ತರೆ? ಆಗ ಕೆಲಸ ಕೇಳುವವರ ಸಾಲಿನಲ್ಲಿ ಗಂಡನೂ ಇರುತ್ತಾನೆ. ಸಹಜ ಸಾವಾದರೆ ಅದು ಸರಿಯೇ. ಆದರೆ ಟೀಚರ್ ಆಗಿದ್ದವಳು, ನರ್ಸ್ ಆಗಿದ್ದವಳು ಗಂಡನ ಮನೆಯಲ್ಲಿ ಸುಟ್ಟು ಸತ್ತಾಗ, ಬಾವಿಯಲ್ಲಿ ಸಿಕ್ಕಾಗ? ಸಂಬಳ ತಂದು ಕೊಡುತ್ತಿದ್ದವಳ ಸಾವಿನ ಮೇಲೆ ಅವನೇ ಕೆಲಸ ಕೇಳಿಕೊಂಡು ಬರಬಹುದು. ಕೊಂದವನು ಸತ್ತವಳ ಆಸ್ತಿಗೆ ವಾರಸುದಾರನಾಗುವಂತಿಲ್ಲ ಎಂದು ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಮದುವೆಯಾದ ಏಳು ವರ್ಷದೊಳಗೆ ಅಸಹಜವಾಗಿ ಸತ್ತರೆ ಅವಳಿಗೆ ಕೊಟ್ಟ ವರದಕ್ಷಿಣೆ ಅವಳ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ತಂದೆತಾಯಿಗೆ ಸೇರಬೇಕೆಂದು ವರದಕ್ಷಿಣೆ ನಿಷೇಧ ಕಾಯಿದೆಯೇ ಹೇಳುತ್ತದೆ. ಆದರೆ ಠಾಣೆಯ ಕಡತ ತಾನಾಗಿ ನಡೆದುಕೊಂಡು ಅವಳ ಕಚೇರಿಗೆ ಹೋಗುವುದಿಲ್ಲ. ಅಲ್ಲಿ ಟಪಾಲು ಹಂಚುವವಳಾಗಿ ಹೇಳುತ್ತೇನೆ, ಯಾರಾದರೂ ತಂದುಕೊಟ್ಟರೆ ಮಾತ್ರ ಅದು ಮೇಜಿನ ಮೇಲೆ ಬರುತ್ತದೆ. ತವರಿನವರು ಎಫ್‌ಐಆರ್ ಪ್ರತಿ ಜೋಡಿಸಿ, ಪಿಂಚಣಿ, ಉಪದಾನ, ಕೆಲಸ ಯಾವುದನ್ನೂ ಕೇಸು ಮುಗಿಯುವವರೆಗೆ ಇವನಿಗೆ ಕೊಡಬೇಡಿ ಎಂದು ಲಿಖಿತ ತಕರಾರು ಕೊಡಬೇಕು. ಅವಳ ಮಕ್ಕಳ ಹೆಸರಿನಲ್ಲಿ ಕೊಡಬೇಕು.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಊಟದ ಹೊತ್ತಾಗುತ್ತಿದೆ. ಮರಣ ಪ್ರಮಾಣಪತ್ರ ಒಂದಕ್ಕೆ ಐದಾರು ಪ್ರತಿ ಮಾಡಿಸಿ. ನಾಡಕಚೇರಿಯಲ್ಲಿ ವಂಶವೃಕ್ಷ, ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ, ಆದಾಯ ಪತ್ರ. ವಂಶವೃಕ್ಷದಲ್ಲಿ ನಿಮ್ಮ ಹೆಸರು, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆಯೋ ಎಂದು ಅಲ್ಲೇ ನಿಂತು ನೋಡಿ. ಅರ್ಜಿಯನ್ನು ಯಾರ ಕೈಯಲ್ಲೂ ಕಳಿಸಬೇಡಿ. ನೀವೇ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳುವುದಿಲ್ಲ ಎಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಆಗಲ್ಲ ಎಂದರೆ ಎದ್ದು ಬರಬೇಡಿ, ಹಿಂಬರಹ ಕೊಡಿ ಎಂದು ಕೇಳಿ. ಹಿಂಬರಹವಿದ್ದರೆ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಅದು ಬೆಂಗಳೂರಿನಲ್ಲಷ್ಟೇ ಅಲ್ಲ, ಬೆಳಗಾವಿ, ಕಲಬುರಗಿಯಲ್ಲೂ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಕೆಲಸ ಕೇಳಿದರೆ ಮನೆಯಿಂದ ಹೊರಗೆ ಹಾಕುತ್ತೇವೆ ಎನ್ನುತ್ತಾರೆ. ಗಂಡ ಸತ್ತರೂ ಆ ಮನೆಯಲ್ಲಿ ವಾಸ ಮಾಡುವ ಹಕ್ಕು ಹೆಂಡತಿಗೆ ಉಂಟು ಎಂದು ಸುಪ್ರೀಂ ಕೋರ್ಟು 2022ರಲ್ಲಿ, ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ, ಒಬ್ಬ ವಿಧವೆಯ ಪ್ರಕರಣದಲ್ಲೇ ಹೇಳಿದೆ. ಇದು ನನಗೆ 2005ರಲ್ಲಿ ಸಿಕ್ಕಿದ್ದರೆ ಬಾಡಿಗೆ ಕೋಣೆಗೆ ಹೋಗುತ್ತಿದ್ದೆನೋ ಇಲ್ಲವೋ ಹೇಳಲಾರೆ. ಆ ಮನೆಯಲ್ಲಿ ಇನ್ನೊಂದು ರಾತ್ರಿ ಮಲಗುವ ಧೈರ್ಯ ಇರಲಿಲ್ಲ. ಕೆಲಸ ಸಿಕ್ಕ ಮೇಲೆ ಬೇರೆ ಮದುವೆಯಾದರೆ ಕೆಲಸ ಹೋಗುತ್ತದೆ ಎಂದೂ ಹೆದರಿಸುತ್ತಾರೆ. ಕೇಂದ್ರದ ಯೋಜನೆಯಲ್ಲಂತೂ, ವಿಧವೆ ಮರುಮದುವೆಯಾದರೂ ಕೆಲಸದಲ್ಲಿ ಮುಂದುವರಿಯಬಹುದು ಎಂದು ಸ್ಪಷ್ಟವಾಗಿ ಬರೆದಿದೆ.

ಗಂಡ ಬದುಕಿರುವವರು ಇದು ತಮಗಲ್ಲ ಎಂದು ಕೂತಿರಬಹುದು. ಇವತ್ತು ಮನೆಗೆ ಹೋಗಿ ಒಂದು ಮಾತು ಕೇಳಿ: ಸೇವಾ ಪುಸ್ತಕದಲ್ಲಿ ನನ್ನ ಹೆಸರು, ಮಕ್ಕಳ ಹೆಸರು ಸೇರಿಸಿದ್ದೀರಾ? ಅಪಶಕುನ ಆಡುತ್ತೀಯಾ ಎಂದು ರೇಗುತ್ತಾರೆ. ರೇಗಲಿ. ನನ್ನ ಗಂಡ ಮದುವೆಗೆ ಮುಂಚೆ ಸೇರಿದವರು, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಆ ಪುಟ ತಿದ್ದಿಸಿರಲಿಲ್ಲ. ಕೆಟ್ಟವರಲ್ಲ, ಮರೆತಿದ್ದರು. ಆ ಮರೆವಿಗೆ ನಾನು ಆರು ತಿಂಗಳು ಅಲೆದೆ.

ಹಿಂದಿನ ಸಾಲಿನಲ್ಲಿ ಮಗು ಎತ್ತಿಕೊಂಡು ಕೂತಿರುವ ತಂಗಿ ಸಭೆಗೆ ಮುಂಚೆ ನನ್ನ ಹತ್ತಿರ ಬಂದಿದ್ದಳು. ಅವಳ ಗಂಡ ಹೋಗಿ ಒಂಬತ್ತು ತಿಂಗಳಾಗಿದೆ. ಅರ್ಜಿ ಹೋಗಿಲ್ಲ. ಭಾವ ಒಂದು ಕಾಗದ ಕೊಟ್ಟಿದ್ದಾನಂತೆ, ಸೋಮವಾರ ಸಹಿ ಹಾಕಿ ಕೊಡು ಎಂದು. ಅದು ಅವಳ ಚೀಲದಲ್ಲೇ ಇದೆ. ನೀವೆಲ್ಲ ಊಟಕ್ಕೆ ಹೋಗಿ. ನಾವಿಬ್ಬರೂ ಇಲ್ಲೇ ಕೂತು ಮೊದಲು ಆ ಕಾಗದ ಓದುತ್ತೇವೆ, ಆಮೇಲೆ ಅವಳ ಅರ್ಜಿ ಬರೆಯುತ್ತೇವೆ. ಯಾರ ಹತ್ತಿರವಾದರೂ ಬಿಳಿ ಹಾಳೆ ಇದ್ದರೆ ಎರಡು ಕೊಟ್ಟು ಹೋಗಿ.